ಮೂರನೇ ಅಡ್ಡ, ಆರನೇ ಉದ್ದ

ನಾನು ನಮ್ಮೂರಿನ ಅಡ್ಡಸಾಲು ಎಣಿಸುವವಳು. ಹೆಸರು ದೇವೀರಮ್ಮ. ಉದ್ದಸಾಲು ಎಣಿಸುವವನು ನನ್ನ ಒಡಹುಟ್ಟಿದ ತಮ್ಮ ಮರಿಯಪ್ಪ. ನಾನು ಹೇಳಹೊರಟಿರುವ ದಿನ ಬರುವ ಹೊತ್ತಿಗೆ ನಮ್ಮಿಬ್ಬರ ಮಾತು ನಿಂತು ಹನ್ನೊಂದು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಒಂದೇ ಬಯಲಿನಲ್ಲಿ ಒಬ್ಬರನ್ನೊಬ್ಬರು ಹಾದುಹೋಗುತ್ತಾ, ಒಂದೇ ಜನರನ್ನು ನಾನು ಅಡ್ಡಕ್ಕೆ, ಅವನು ಉದ್ದಕ್ಕೆ ಎಣಿಸುತ್ತಿದ್ದೆವು. ಅವನ ಮೈಗೆ ಹಚ್ಚಿದ ಹರಳೆಣ್ಣೆಯ ವಾಸನೆ ನನಗೆ ತಾಗುತ್ತಿತ್ತು. ನನ್ನ ಕೆಮ್ಮು ಅವನಿಗೆ ಕೇಳುತ್ತಿತ್ತು. ಅಷ್ಟೇ.

ಊರ ನಡುವಿನ ಬಯಲಿನಲ್ಲಿ ಅರವತ್ತನಾಲ್ಕು ಹಾಸುಗಲ್ಲುಗಳಿವೆ. ಎಂಟೆಂಟು ಕಲ್ಲಿನ ಎಂಟು ಸಾಲು. ಒಂದೊಂದು ಕಲ್ಲಿಗೂ ಒಬ್ಬೊಬ್ಬರು, ಒಬ್ಬೊಬ್ಬರ ಪಾಲಿಗೂ ಊರಿನ ಒಂದೊಂದು ಸಂಗತಿ. ಹೊಳೆಗೆ ಸೇತುವೆ ಇದೆಯೇ, ಉಪ್ಪು ಉಪ್ಪಗಿದೆಯೇ, ಮೇಷ್ಟ್ರು ಊರಿಗೆ ಬಂದಿದ್ದಾರೆಯೇ, ಇಂಥವಳು ಇಂಥವನ ಹೆಂಡತಿಯೇ, ಹೀಗೆ. ಬಿಸಿಲು ಬಯಲಿಗಿಳಿಯುತ್ತಲೇ ಕಲ್ಲಿನವರು ಬಂದು ತಮ್ಮ ತಮ್ಮ ಜಾಗ ಹಿಡಿಯುತ್ತಾರೆ. ತಮ್ಮ ಸಂಗತಿ ಹೌದಾದರೆ ನಿಲ್ಲುತ್ತಾರೆ, ಇಲ್ಲವಾದರೆ ಕೂರುತ್ತಾರೆ. ಬಯಲು ಹೇಳಿದಂತೆ ಆ ದಿನ ಊರು ನಡೆಯುತ್ತದೆ.

ಆಗಾಗ ಯಾರಾದರೊಬ್ಬರದು ತಿರುಗುತ್ತದೆ. ನಿನ್ನೆ ನಿಂತವರು ಇವತ್ತು ಕೂರುತ್ತಾರೆ, ಮತ್ತು ತಾವು ಹುಟ್ಟಿದಾಗಿನಿಂದ ಕೂತೇ ಇದ್ದೇವೆಂದು ಮನಸಾರೆ ನಂಬಿರುತ್ತಾರೆ. ಅದು ಸುಳ್ಳಲ್ಲ, ಕಳ್ಳತನವಲ್ಲ, ಕಾಯಿಲೆಯೂ ಅಲ್ಲ. ನೆಗಡಿ ಬಂದ ಹಾಗೆ ಬರುತ್ತದೆ. ಒಂದು ಸಲ ಹೊಳೆಯ ಕಲ್ಲಿನವನದು ತಿರುಗಿ, ಬೆಳಿಗ್ಗೆ ಎಣಿಕೆ ಮುಗಿಯುವ ತನಕ ಊರಿಗೆ ಹೊಳೆಯೇ ಇರಲಿಲ್ಲ. ಅಗಸರ ಹೆಂಗಸರು ಗಂಟು ಹೊತ್ತು ದಂಡೆವರೆಗೆ ಹೋಗಿ, ಹರಿಯುವ ನೀರನ್ನು ನೋಡಿ, ಬಟ್ಟೆ ಒಣಗಿದ್ದಂತೆಯೇ ವಾಪಸು ತಂದರು.

ಅದನ್ನು ಹಿಡಿಯುವುದಕ್ಕೇ ನಾವಿಬ್ಬರು ಇರುವುದು. ಅಡ್ಡ ಎಣಿಸಲಿ, ಉದ್ದ ಎಣಿಸಲಿ, ಪ್ರತಿ ಸಾಲಿನಲ್ಲೂ ನಿಂತವರು ಸರಿಸಂಖ್ಯೆಯಲ್ಲೇ ಇರಬೇಕು. ಎರಡು, ನಾಲ್ಕು, ಆರು. ಊರು ಕಟ್ಟಿದವರು ಹಾಗೆ ಹೊಂದಿಸಿಟ್ಟು ಹೋಗಿದ್ದಾರೆ. ಒಬ್ಬನದು ತಿರುಗಿದರೆ ಅವನ ಅಡ್ಡಸಾಲೂ ಬೆಸವಾಗುತ್ತದೆ, ಉದ್ದಸಾಲೂ ಬೆಸವಾಗುತ್ತದೆ. ನಾನು ನನ್ನ ಬೆಸಸಾಲಿನ ತುದಿಯಲ್ಲಿ ಕೈ ಎತ್ತಿ ನಿಲ್ಲುತ್ತೇನೆ, ಮರಿಯಪ್ಪ ತನ್ನ ಬೆಸಸಾಲಿನ ತುದಿಯಲ್ಲಿ. ಎರಡು ಸಾಲೂ ಎಲ್ಲಿ ಕೂಡುತ್ತವೋ ಅಲ್ಲಿರುವವನೇ ತಿರುಗಿದವನು. ಅವನೆದುರು ಹೋಗಿ ನಾನು ಅಡ್ಡದ ಸಂಖ್ಯೆ ಹೇಳುತ್ತೇನೆ, ಮರಿಯಪ್ಪ ಉದ್ದದ್ದು ಹೇಳುತ್ತಾನೆ. ನಿಂತವನು ಕೂರುತ್ತಾನೆ, ಕೂತವನು ಏಳುತ್ತಾನೆ. ಕೆಲವರು ಅಳುತ್ತಾರೆ. ಅವರಿಗೊಂದು ಲೋಟ ಮಜ್ಜಿಗೆ ಕೊಡುತ್ತೇವೆ. ಇಷ್ಟಕ್ಕೆ ಅಕ್ಕ ತಮ್ಮ ಮಾತಾಡಿಕೊಳ್ಳಬೇಕಾದ ಅಗತ್ಯವಿಲ್ಲ.

ನಮ್ಮಿಬ್ಬರಿಗೆ ಮಾತಿದೆಯೇ ಎಂಬುದೂ ಬಯಲಿನ ಒಂದು ಸಂಗತಿ. ಎಣಿಸುವವರ ಮನೆಯ ವಿಷಯ ಊರಿನ ವಿಷಯ. ಅದು ಮೂರನೇ ಅಡ್ಡಸಾಲಿನ ಆರನೇ ಕಲ್ಲು, ಕ್ಷೌರದ ಮುದ್ದಯ್ಯನದು. ಹನ್ನೊಂದು ವರ್ಷದಿಂದ ಮುದ್ದಯ್ಯ ಆ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದ.

ಆ ದಿನ ಬೆಳಿಗ್ಗೆ ಮುದ್ದಯ್ಯ ನಿಂತಿದ್ದ.

ನನ್ನ ಕಣ್ಣು ಅವನ ಮೇಲೇ ನಿಂತಿತು. ಆದರೆ ಎಣಿಸುವವರು ಯಾರು ನಿಂತಿದ್ದಾರೆ ಎಂದು ನೋಡಬಾರದು, ಎಷ್ಟು ಜನ ಎಂದಷ್ಟೇ ನೋಡಬೇಕು. ಎಣಿಸಿದೆ. ಮೂರನೇ ಅಡ್ಡಸಾಲು ನಾಲ್ಕು. ಸರಿ. ನನ್ನ ಎಂಟೂ ಸಾಲು ಸರಿ ಬಂದವು. ಕೈ ಎತ್ತದೆ ಬಯಲಿನ ಅಂಚಿಗೆ ಬಂದು ನಿಂತೆ. ಆಚೆ ತುದಿಯಲ್ಲಿ ನೋಡುತ್ತೇನೆ, ಮರಿಯಪ್ಪ ಎರಡೂ ಕೈ ಎತ್ತಿಕೊಂಡು ಮೂರನೇ ಉದ್ದಸಾಲಿಗೂ ಆರನೇ ಉದ್ದಸಾಲಿಗೂ ನಡುವೆ ಓಡಾಡುತ್ತಿದ್ದಾನೆ. ಅವನ ಎರಡು ಸಾಲು ಬೆಸ, ನನ್ನದು ಒಂದೂ ಇಲ್ಲ.

ಊರ ಯಜಮಾನ ಬೈಲಪ್ಪ ಎದ್ದು ಬಂದರು. ಅವರಿಗೆ ಎಂಬತ್ತಾಗಿತ್ತು. ಅವರೂ ಇಂಥದ್ದನ್ನು ಕಂಡಿರಲಿಲ್ಲ.

"ಇಬ್ಬರದು ತಿರುಗೈತೆ," ಅಂದರು. "ಇಬ್ಬರೂ ಒಂದೇ ಅಡ್ಡಸಾಲಿನವರು. ಅದಕ್ಕೇ ದೇವೀರಮ್ಮನ ಎಣಿಕೆಗೆ ಸಿಕ್ಕಿಲ್ಲ. ಒಂದು ಕಮ್ಮಿ ಆಗಿ ಒಂದು ಜಾಸ್ತಿ ಆಗಿದ್ರೆ ಸರಿ ಸರಿಯಾಗೇ ಇರುತ್ತೆ."

"ಯಾವ ಅಡ್ಡಸಾಲು ಯಜಮಾನ್ರೇ?" ಎಂದು ಯಾರೋ ಕೇಳಿದರು.

"ಅದು ಗೊತ್ತಾಗಿದ್ರೆ ನಾನ್ಯಾಕೆ ಹಿಂಗೆ ಬೆವರ್ತಿದ್ದೆ?"

ಮೂರನೇ ಉದ್ದಸಾಲಿನ ಎಂಟು ಜನ, ಆರನೇ ಉದ್ದಸಾಲಿನ ಎಂಟು ಜನ, ಒಟ್ಟು ಹದಿನಾರು ಜನರನ್ನು ವಿಚಾರಿಸಿದರು. ಹದಿನಾರೂ ಜನ ತಮ್ಮದು ತಿರುಗಿಲ್ಲವೆಂದು ಆಣೆ ಇಟ್ಟರು. ಮುದ್ದಯ್ಯನೂ ಇಟ್ಟ. ಅವನು ನಿನ್ನೆ ಕೂತಿದ್ದು ನನಗೆ ನೆನಪಿತ್ತು. ಆದರೆ ನೆನಪೇ ತಿರುಗುವ ಊರಿನಲ್ಲಿ ನನ್ನ ನೆನಪನ್ನು ತೆಗೆದುಕೊಂಡು ಯಾರ ಮುಂದೆ ಇಡಲಿ? "ಕಣ್ಣಾರೆ ಕಂಡದ್ದನ್ನು ಹೇಳಬಹುದಲ್ಲ" ಎಂದು ಹೊಸಬರು ಕೆಲವೊಮ್ಮೆ ಕೇಳುವುದುಂಟು. ಬೈಲಪ್ಪನವರ ಉತ್ತರ ಯಾವಾಗಲೂ ಒಂದೇ: ಬಯಲಿಗೆ ತಾಳೆ ನೋಡುವವರು ಇಬ್ಬರಿದ್ದಾರೆ, ನಿನ್ನ ಕಣ್ಣಿಗೆ ಯಾರಿದ್ದಾರೆ?

ಹದಿನಾರು ಸಂಗತಿಗಳಿಗೂ ತಡೆ ಬಿತ್ತು. ತಡೆ ಬಿದ್ದ ಸಂಗತಿ ಹೌದೂ ಅಲ್ಲ, ಇಲ್ಲವೂ ಅಲ್ಲ. ಅದರ ಮೇಲೆ ಯಾರೂ ಏನೂ ಮಾಡುವಂತಿಲ್ಲ. ಸೇತುವೆಯ ಎರಡೂ ತುದಿಯಲ್ಲಿ ಜನ ನಿಂತು, ನಡುವೆ ಸಿಕ್ಕಿಕೊಂಡಿದ್ದ ಒಬ್ಬ ಸೌದೆಯವನಿಗೆ ಅಲ್ಲೇ ಇರೆಂದು ಕೂಗಿದರು. ಉಪ್ಪಿಗೆ ತಡೆ ಬಿದ್ದುದರಿಂದ ಯಾರ ಮನೆಯ ಸಾರಿಗೂ ಉಪ್ಪು ಬೀಳಲಿಲ್ಲ. ಮೇಷ್ಟ್ರು ಊರಿಗೆ ಬಂದದ್ದೇ ಖಚಿತವಿಲ್ಲದೆ, ಅವರು ಶಾಲೆಯ ಹೊಸ್ತಿಲ ಮೇಲೆ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ಮಗ್ಗಿ ಹೇಳಿಸಿದರು. ಮಕ್ಕಳು ಅವರ ಒಳಗಿನ ಅರ್ಧದ ಮಾತನ್ನು ಮಾತ್ರ ಕೇಳಿದರಂತೆ.

ಇದನ್ನೆಲ್ಲ ಜನ ತಾಳಿಕೊಂಡರು. ತಾಳಲಾಗದ್ದು ಒಂದಿತ್ತು. ಮೂರನೇ ಉದ್ದಸಾಲಿನಲ್ಲಿ ಮೂರನೆಯವನು ಮಗ್ಗದ ತಿಪ್ಪಯ್ಯ. ಅವನ ಪಾಲಿನ ಸಂಗತಿ, ಬೋರಮ್ಮ ಸೂಲಗಿತ್ತಿಯೇ ಎಂಬುದು. ಅದಕ್ಕೂ ತಡೆ ಬಿದ್ದಿತ್ತು. ಮರಿಯಪ್ಪನ ಮಗಳು ಸಾಕಮ್ಮ ಚೊಚ್ಚಲ ಹೆರಿಗೆಗೆಂದು ಊರಲ್ಲೇ ಇದ್ದ ಗಂಡನ ಮನೆಯಿಂದ ತಂದೆಯ ಮನೆಗೆ ಬಂದಿದ್ದಳು. ಅವಳಿಗೆ ಆವತ್ತೇ ನೋವು ಶುರುವಾಗಿತ್ತು.

ನಾನು ಅತ್ತ ಹೋದಾಗ ಬೋರಮ್ಮ ಗಂಟು ಮಡಿಲಲ್ಲಿಟ್ಟುಕೊಂಡು ಮರಿಯಪ್ಪನ ಮನೆಯ ಜಗಲಿಯಲ್ಲಿ ಕೂತಿದ್ದಳು. ಅರ್ಧ ಊರನ್ನು ಈ ಲೋಕಕ್ಕೆ ತಂದವಳು ಅವಳು. ಬೈಲಪ್ಪನವರ ಮಕ್ಕಳು, ಮೊಮ್ಮಕ್ಕಳು ಎಲ್ಲ ಅವಳ ಕೈಯಲ್ಲೇ ಹುಟ್ಟಿದ್ದು. ಒಳಗಿನಿಂದ ಸಾಕಮ್ಮ ನರಳುವುದು ಕೇಳುತ್ತಿತ್ತು. ಪಕ್ಕದ ಮನೆಯ ಹೆಂಗಸರು ಇಬ್ಬರು ಒಳಗೆ ಏನು ಮಾಡಬೇಕೆಂದು ತಿಳಿಯದೆ ನೀರು ಕಾಯಿಸಿದ್ದನ್ನೇ ಮತ್ತೆ ಕಾಯಿಸುತ್ತಿದ್ದರು.

"ಒಳಕ್ಕೆ ಹೋಗು ಬೋರಮ್ಮ," ಅಂದೆ.

"ನಾನು ಸೂಲಗಿತ್ತಿ ಹೌದೋ ಅಲ್ವೋ ನಂಗೇನು ಗೊತ್ತವ್ವ? ಬಯಲು ಹೇಳ್ಬೇಕು." ಅವಳ ಕೈಗಳು ಮಾತ್ರ ಗಂಟನ್ನು ಬಿಚ್ಚಿ ಕಟ್ಟಿ ಮಾಡುತ್ತಿದ್ದವು. "ಅಲ್ದೆ ಇದ್ರೆ? ನಾನು ಗೊತ್ತಿಲ್ದೆ ಕೈ ಹಾಕಿ ಮಗೀಗೆ ಏನಾದ್ರೂ ಆದ್ರೆ?"

"ನಿನ್ನ ಕೈಗೆ ಗೊತ್ತಿಲ್ವಾ?"

"ಕೈಗೆ ಗೊತ್ತಿರಬೋದು. ಕೈಯನ್ನ ಯಾರೂ ಕಲ್ಲಿನ ಮೇಲೆ ಕೂರಿಸಿಲ್ಲವಲ್ಲ." ಒಳಗಿನಿಂದ ಒಂದು ದೊಡ್ಡ ನರಳು ಬಂತು. ಬೋರಮ್ಮ ಕತ್ತು ಚಾಚಿ ಗೋಡೆಗೆ ಹೇಳುವವಳಂತೆ ಗಟ್ಟಿಯಾಗಿ ಹೇಳಿದಳು: "ಇಂಥಾ ಹೊತ್ನಲ್ಲಿ ಮಲಗಿಸಬಾರದು, ಎಬ್ಬಿಸಿ ನಡೆಸಬೇಕು ಅಂತ ಯಾರಾದ್ರೂ ತಿಳಿದೋರು ಇದ್ದಿದ್ರೆ ಹೇಳೋರೇನೋಪ್ಪ!"

ನಾನು ಬಯಲಿಗೆ ಓಡಿದೆ. ಏಕೆ ಎಂದು ಕೇಳಬೇಡಿ. ನನಗೆ ಗೊತ್ತಿದ್ದ ಜಾಗ ಅದೊಂದೇ. ಕಲ್ಲಿನವರು ಇನ್ನೂ ಹಾಗೇ ಇದ್ದರು, ತಡೆ ತೀರುವ ತನಕ ಅವರು ಜಾಗ ಬಿಡುವಂತಿರಲಿಲ್ಲ. ಮರಿಯಪ್ಪ ಅಲ್ಲೇ ಇದ್ದ. ಎಣಿಸಿದ ಸಾಲುಗಳನ್ನೇ ಮತ್ತೆ ಮತ್ತೆ ಎಣಿಸುತ್ತಿದ್ದ. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದ. ನಾನು ಬಂದದ್ದನ್ನು ನೋಡಿ ನಿಂತ. ನಾನೂ ನಿಂತೆ. ಹಾದುಹೋಗಬೇಕಾದ ಜಾಗದಲ್ಲಿ ಇಬ್ಬರೂ ಹಾದುಹೋಗಲಿಲ್ಲ.

"ಮುದ್ದಯ್ಯಂದೂ ಆರನೇ ಸಾಲೇ," ಎಂದ. ನನಗೆ ಹೇಳಿದನೋ ಗಾಳಿಗೆ ಹೇಳಿದನೋ ತಿಳಿಯಲಿಲ್ಲ. ಅವನ ದನಿ ದಪ್ಪಗಾಗಿತ್ತು, ನಮ್ಮಪ್ಪನದರಂತೆ. "ಅಂದ್ರೆ ನಮ್ ಮಾತಿಗೂ ತಡೆ ಬಿದ್ದೈತೆ."

ನಾನು ಮುದ್ದಯ್ಯನ ಕಡೆ ನೋಡಿದೆ.

"ಮಾತಾಡೋಕೆ ತಡೆ ಬಿದ್ದ ಮೇಲೆ," ಎಂದ, ಬೆರಳು ಮಡಿಸುತ್ತಾ, "ಮಾತಾಡದೆ ಇರೋದಕ್ಕೂ ತಡೆ ಬಿದ್ದಂಗೇ ಅಲ್ವಾ ಅಕ್ಕ?"

ಹನ್ನೊಂದು ವರ್ಷದ ಮೇಲೆ ಕೇಳಿದ 'ಅಕ್ಕ' ಅದು. ಆದರೂ ನನ್ನ ಬಾಯಿಂದ ಬಂದದ್ದು, "ಅಂಗಿ ಗುಂಡಿ ಸರಿಯಾಗಿ ಹಾಕ್ಕೋ."

ಅವನು ಗುಂಡಿ ಬಿಚ್ಚಿ ಹಾಕಿಕೊಂಡ. ಮತ್ತೆ ತಪ್ಪಾಗಿಯೇ ಹಾಕಿಕೊಂಡ.

ಇಬ್ಬರೂ ತಲೆ ಕೆಡಿಸಿಕೊಂಡೆವು. ಅಡ್ಡ ನೋಡಿಯಾಗಿದೆ, ಉದ್ದ ನೋಡಿಯಾಗಿದೆ. ನಾನು ಹೇಳಿದೆ, "ನಿನ್ನೆ ಈ ಬಯಲು ಹೆಂಗಿತ್ತು ಅನ್ನೋದು ಮನುಷ್ಯರ ತಲೇಲಿ ಬಿಟ್ಟು ಇನ್ನೆಲ್ಲಾದ್ರೂ ಉಳಿದೈತಾ ನೋಡ್ಬೇಕು."

"ಎಲ್ಲಿ ಉಳಿಯುತ್ತೆ? ಕಲ್ಲಿನ ಮೇಲೆ ಕೂತ ಗುರುತು ಉಳಿಯುತ್ತಾ?"

ಅವನು ಕಲ್ಲುಗಳನ್ನು ಬಗ್ಗಿ ಬಗ್ಗಿ ನೋಡತೊಡಗಿದ. ಕೂತವರನ್ನು ಏಳಿಸದೆ ಅವರ ಕೆಳಗೆ ಇಣುಕಲು ಹೋಗಿ ಒಬ್ಬಳ ಕೈಲಿ ಬೈಸಿಕೊಂಡ. ಮೊದಲನೇ ಕಲ್ಲಿನ ಆಚೆ, ಬಯಲಿನ ಮೂಲೆಯಲ್ಲಿ, ಹೂವಿನ ಪಿಳ್ಳಜ್ಜಿ ಆಲದ ಎರಡು ಬೇರಿನ ಸಂದಿಯಲ್ಲಿ ಕೂತು ಮಾಲೆ ಕಟ್ಟುತ್ತಿದ್ದಳು. ಅವಳು ದಿನಾ ಅಲ್ಲೇ ಕೂರುವವಳು. ಮರಿಯಪ್ಪನ ಪಾಡು ನೋಡಿ ಬೊಚ್ಚುಬಾಯಲ್ಲಿ ನಗುತ್ತಿದ್ದಳು.

"ಏನು ಹುಡುಕ್ತೀಯೋ ಮರಿಯಾ?"

"ನಿನ್ನೆ ಯಾರು ನಿಂತಿದ್ರು ಯಾರು ಕೂತಿದ್ರು ಅಂತ ಅಜ್ಜಿ."

"ಎಲ್ಲಾರ್ದೂ ನಂಗೆ ಕಾಣಲ್ಲಪ್ಪ. ಈ ಬೇರು ಅಡ್ಡ ಬರ್ತವೆ. ಮೂಲೆಯಿಂದ ಮೂಲೆಗೆ ಒಂದು ಸಾಲು ಕಾಣ್ತದೆ, ಅಷ್ಟೇ." ಬೆರಳಿನಿಂದ ತೋರಿಸಿದಳು. ಮೊದಲ ಸಾಲಿನ ಮೊದಲನೆಯವಳು, ಎರಡನೇ ಸಾಲಿನ ಎರಡನೆಯವನು, ಮೂರನೇ ಸಾಲಿನ ಮೂರನೆಯವನು, ಹೀಗೆ ಎಂಟನೆಯದರ ತನಕ ಓರೆಯಾಗಿ ಒಂದು ಗೆರೆ. "ಅದನ್ನೇ ನೋಡ್ಕೊಂಡು ಕಟ್ತೀನಿ. ನಿಂತಿದ್ರೆ ಕನಕಾಂಬರ, ಕೂತಿದ್ರೆ ಮಲ್ಲಿಗೆ. ಯಾವ ಬಣ್ಣ ಆದಮೇಲೆ ಯಾವ ಬಣ್ಣ ಅಂತ ದಿನಾ ಯೋಚ್ನೆ ಮಾಡೋಕೆ ಆಯ್ತದಾ ಈ ವಯಸ್ಸಿನಲ್ಲಿ?"

ಮರಿಯಪ್ಪನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ನಿನ್ನೆ ಕಟ್ಟಿದ ಮಾಲೆ ಎಲ್ಲಿ ಅಜ್ಜಿ?" ಅಂದೆ.

"ಇವನೇ ಒಯ್ದನಲ್ಲ! ಬಸುರಿ ಮಗಳು ಹೂವು ಕೇಳಿದ್ಳು ಅಂತ."

ಮರಿಯಪ್ಪ ಹಣೆ ಚಚ್ಚಿಕೊಂಡ. "ಸಾಕೂನ ತಲೇಲಿ ಐತೆ," ಅಂದ.

ಓಡಿದೆವು. ಅವನಿಗೆ ಐವತ್ತು, ನನಗೆ ಐವತ್ತಾರು. ಊರಿನ ಜನ ನಮ್ಮನ್ನು ಒಟ್ಟಿಗೆ ಓಡುವುದನ್ನು ಕಂಡು, ಯಾರದೋ ಸಾವು ಎಂದುಕೊಂಡು ಬಾಗಿಲಿಗೆ ಬಂದರಂತೆ. ಅವನ ಮನೆಯ ಹೊಸ್ತಿಲಲ್ಲಿ ನನ್ನ ಕಾಲು ತಡೆಯಿತು. ಅವನ ಹೆಂಡತಿ ತೀರಿಕೊಂಡಾಗಲೂ ನಾನು ಬೀದಿಯಲ್ಲೇ ನಿಂತು ನೋಡಿದ ಮನೆ ಅದು. ಗಂಡಸರು ಹೋಗುವ ಕೋಣೆಯಲ್ಲವಾದ್ದರಿಂದ ಒಳಗೆ ನಾನೇ ಹೋಗಬೇಕಿತ್ತು.

ಸಾಕಮ್ಮ ಗೋಡೆಗೆ ಎರಡೂ ಅಂಗೈ ಊರಿ ನಿಂತಿದ್ದಳು. ಬೆವರಿಗೆ ಕೂದಲು ಕತ್ತಿಗೆ ಅಂಟಿತ್ತು, ಜಡೆ ಅರ್ಧ ಬಿಚ್ಚಿತ್ತು, ಅದರಲ್ಲಿ ಬಾಡಿದ ಮಾಲೆ ಸಿಕ್ಕಿಕೊಂಡು ಜೋತಾಡುತ್ತಿತ್ತು. ನಾನು ಅವಳನ್ನು ಕೊನೆಯ ಸಲ ಮಾತಾಡಿಸಿದಾಗ ಅವಳಿಗೆ ಒಂಬತ್ತು ವರ್ಷ. ತಿರುಗಿ ನೋಡಿ, "ಅತ್ತೆ," ಅಂದಳು. ಬೇರೆ ಏನನ್ನೂ ಕೇಳಲಿಲ್ಲ. ನನ್ನ ಕೈ ಹಿಡಿದುಕೊಂಡಳು. ಎಂಥ ಹಿಡಿತ ಅದು! ನನ್ನ ಬೆರಳು ಮುರಿದೇಹೋದವು ಅಂದುಕೊಂಡೆ.

"ಹೂವು ಬೇಕು ಮಗಳೇ," ಅಂದೆ.

"ಈಗಾ?"

"ಈಗಲೇ."

ಒಂದು ನೋವು ಬಂದು ಹೋಗುವ ತನಕ ಕಾದು, ಇನ್ನೊಂದು ಕೈಯಿಂದ ಒಂದೊಂದೇ ಎಳೆ ಬಿಡಿಸಿದೆ. ಒಂದು ಹಿಡಿ ಉದುರಿದರೂ ಕೆಟ್ಟಿತು ಎಂದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. "ಜಡೆ ಆಮೇಲೆ ಹಾಕೋಣ ಅತ್ತೆ, ಸಾಯ್ತಿದೀನಿ," ಎಂದು ಅತ್ತಳು. ನಾನೂ ಅಳುತ್ತಾ ಬಿಡಿಸಿದೆ. ಮಾಲೆಯನ್ನು ಎರಡು ಅಂಗೈ ಮೇಲೆ ಹಾಸಿಕೊಂಡು ಬಯಲಿಗೆ ಬಂದಾಗ ಅದರ ತುಂಬ ನನ್ನ ತಮ್ಮನ ಮಗಳ ಬೆವರಿನ ವಾಸನೆ ಇತ್ತು.

ಬೈಲಪ್ಪ ಎದುರಿಗೆ ಬಂದರು. ಊರು ನೆರೆಯಿತು. ಮಾಲೆಯಲ್ಲಿ ಎಂಟು ಹಿಡಿ ಹೂವು, ಕಲ್ಲಿಗೊಂದು ಹಿಡಿ. ಮರಿಯಪ್ಪ ಮೂಲೆಗೆರೆಯ ಜನರನ್ನು ಒಬ್ಬೊಬ್ಬರಾಗಿ ಕೂಗಿದ, ನಾನು ಹಿಡಿಗಳನ್ನು ಒಂದೊಂದಾಗಿ ಓದಿದೆ. ಮೊದಲನೆಯದೇ ತಾಳೆಯಾಗಲಿಲ್ಲ. ನಾಲ್ಕು ಆಗಲಿಲ್ಲ, ಐದು ಆಗಲಿಲ್ಲ, ಆರು ಆಗಲಿಲ್ಲ, ಎಂಟೂ ಆಗಲಿಲ್ಲ. ಐದು ಕಡೆ ತಪ್ಪು.

"ತಿರುಗಿಸಿ ಹಿಡಿ ಅಕ್ಕ," ಎಂದ ಮರಿಯಪ್ಪ. "ಬಾಲದಿಂದ ಓದ್ತಿದ್ದೀಯ."

ತಿರುಗಿಸಿ ಹಿಡಿದೆ. ಮಲ್ಲಿಗೆ, ಕೂತಿದ್ದಾಳೆ. ಕನಕಾಂಬರ, ನಿಂತಿದ್ದಾನೆ. ಕನಕಾಂಬರ...

ಮೂರನೆಯವನು ಮಗ್ಗದ ತಿಪ್ಪಯ್ಯ. ತಿಪ್ಪಯ್ಯ ಕೂತಿದ್ದ.

ಉಳಿದ ಐದೂ ಅಚ್ಚುಕಟ್ಟಾಗಿ ಹೊಂದಿಕೊಂಡವು.

"ಮಾಲೆಗೆ ತಾಳೆ ಏನಮ್ಮ?" ಎಂದರು ಬೈಲಪ್ಪ. ಅವರು ಕೇಳಲೇಬೇಕಿತ್ತು, ಅದು ಅವರ ಕೆಲಸ. "ಹೂವಿಂದೂ ತಿರುಗಿದ್ರೆ?"

ಉತ್ತರ ಕೊಟ್ಟವಳು ಪಿಳ್ಳಜ್ಜಿ. "ಹೂವು ಬಾಡ್ತದೆ ಯಜಮಾನ, ತಿರುಗಲ್ಲ. ಮಲ್ಲಿಗೆ ಬಾಡಿ ಕನಕಾಂಬರ ಆಗಿದ್ದು ನಿಮ್ ತಾತನ ಕಾಲದಲ್ಲಾದ್ರೂ ಕೇಳಿದೀರಾ?"

ಬೈಲಪ್ಪ ಬಹಳ ಹೊತ್ತು ಮಾಲೆ ನೋಡಿದರು. ಆಮೇಲೆ ಒಪ್ಪಿ ತಲೆಯಾಡಿಸಿದರು. ನಾವಿಬ್ಬರೂ ತಿಪ್ಪಯ್ಯನ ಎದುರು ನಿಂತೆವು. "ಮೂರನೇ ಅಡ್ಡ," ಅಂದೆ ನಾನು. "ಮೂರನೇ ಉದ್ದ," ಅಂದ ಅವನು. ತಿಪ್ಪಯ್ಯ ಧಡಕ್ಕನೆ ಎದ್ದು, "ಅಯ್ಯೋ, ಬೋರಮ್ಮ ಸೂಲಗಿತ್ತಿ ಅಲ್ವಾ! ನಾನು ಹುಟ್ಟಿದ್ದೇ ಅವಳ ಕೈಲಿ!" ಎಂದು ಬಾಯಿ ಬಡಿದುಕೊಂಡ. ಸುದ್ದಿ ಬೀದಿಯಿಂದ ಬೀದಿಗೆ ಕೂಗಾಗಿ ಹೋಯಿತು. ಬೋರಮ್ಮ ಕೊನೆಯ ಕೂಗನ್ನು ಪೂರ್ತಿ ಕೇಳಿಸಿಕೊಳ್ಳುವಷ್ಟೂ ಕಾಯಲಿಲ್ಲವಂತೆ.

ಇನ್ನೊಬ್ಬನು ಯಾರೆಂದು ಈಗ ಹೇಳಬೇಕಾಗಿಯೇ ಇರಲಿಲ್ಲ. ತಿಪ್ಪಯ್ಯ ಎದ್ದ ಕೂಡಲೇ ನನ್ನ ಮೂರನೇ ಅಡ್ಡಸಾಲು ಬೆಸವಾಗಿತ್ತು. ಮರಿಯಪ್ಪನ ಆರನೇ ಉದ್ದಸಾಲು ಬೆಳಿಗ್ಗೆಯಿಂದಲೇ ಬೆಸ. ಅವೆರಡೂ ಕೂಡುವ ಕಡೆ ಕ್ಷೌರದ ಮುದ್ದಯ್ಯ ನಿಂತಿದ್ದ.

ನಾವು ಹೋಗಿ ಅವನೆದುರು ನಿಂತೆವು. ನಾನು ಬಾಯಿ ತೆರೆದೆ.

"ತಡಿ," ಎಂದ ಮರಿಯಪ್ಪ. ಬೈಲಪ್ಪನವರ ಕಡೆ ತಿರುಗಿ, "ಮಗು ಹುಟ್ಟೋ ತನಕ ತಡೀಲಾ ಯಜಮಾನ್ರೇ? ಮಗು ಹುಟ್ಟಿದ್ದನ್ನ ಅಕ್ಕನ ಹತ್ರ ಹೇಳ್ಬೇಕು ನಾನು," ಎಂದ.

ಬೈಲಪ್ಪ ಆಲದ ಮರ ನೋಡಿದರು, ಆಕಾಶ ನೋಡಿದರು. "ಸಾಲು ಬೆಸ ಆಗಿರೋವಾಗ ನಾನು ಹೂಂ ಅನ್ನೋ ಹಂಗಿಲ್ಲ," ಎಂದರು. "ಆದ್ರೆ ಯಾಕೋ ಕಿವಿ ಮಂದ ಆಗೈತೆ ಇವತ್ತು." ಹೋಗಿ ಬೆನ್ನು ತಿರುಗಿಸಿ ಕೂತರು.

ಮುದ್ದಯ್ಯನ ಎದುರು ನಿಂತು ನಾವು ಮಾತಾಡಿದೆವು. ಅವನು ನಿಂತಿರುವಷ್ಟು ಹೊತ್ತು ನಮಗೆ ಮಾತಿತ್ತು. ಮೊದಲು ಏನು ಮಾತಾಡುವುದೆಂದೇ ತಿಳಿಯಲಿಲ್ಲ. ನನ್ನ ಎಮ್ಮೆ ಕರು ಹಾಕಿದ್ದು ಹೇಳಿದೆ. ಮರಿಯಪ್ಪ ತನಗೆ ಹಲ್ಲು ಎರಡು ಬಿದ್ದದ್ದು ತೋರಿಸಿದ. ಅವನ ಹೆಂಡತಿ ಸಾಯುವ ಹಿಂದಿನ ವಾರ ನನ್ನ ಕೈಯ ಹುಣಸೆ ತೊಕ್ಕು ತಿನ್ನಬೇಕೆಂದಿದ್ದಳಂತೆ.

"ಕೇಳಿ ಕಳಿಸಬಾರದಿತ್ತಾ?" ಅಂದೆ.

"ಹೆಂಗೆ ಕಳಿಸಲಿ? ಮುದ್ದಯ್ಯ ಕೂತಿದ್ದ."

"ನಂದೇನೂ ತಪ್ಪಿಲ್ಲಪ್ಪ," ಎಂದ ಮುದ್ದಯ್ಯ. "ಬೇಗ ಬೇಗ ಮಾತಾಡಿ. ಹನ್ನೊಂದು ವರ್ಷ ಕೂತ ಕಾಲು, ನಿಂತು ರೂಢಿ ಇಲ್ಲ."

ನಾನು ಬಹುಕಾಲದಿಂದ ಒಳಗಿಟ್ಟುಕೊಂಡದ್ದನ್ನು ಕೇಳಿದೆ. "ಮರಿಯಾ, ನಾವು ಯಾಕೆ ಮಾತು ಬಿಟ್ವಿ?"

"ನಿಂಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ," ಅಂದ. "ಒಂದಿನ ಬೆಳಿಗ್ಗೆ ಎಣಿಸ್ತಾ ಬಂದೆ. ಮುದ್ದಯ್ಯ ಕೂತಿದ್ದ. ಸಾಲೆಲ್ಲಾ ಸರಿ ಇತ್ತು. ಓಹೋ, ಅಕ್ಕಂಗೂ ನಂಗೂ ಜಗಳ ಆಗೈತೆ ಅಂದ್ಕೊಂಡೆ. ಏನು ಜಗಳ ಅಂತ ಕೇಳೋಣ ಅಂದ್ರೆ ಮಾತಿಲ್ವಲ್ಲ."

ನನಗೂ ಅಷ್ಟೇ ಗೊತ್ತಿತ್ತು. ನಾನೂ ಅವನಿಗೆ ಗೊತ್ತಿರುತ್ತದೆಂದು ಹನ್ನೊಂದು ವರ್ಷ ಅವನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ನಾಲ್ಕು ಕಲ್ಲು ಒಂದೇ ದಿನ ತಿರುಗಿದ್ದರೆ, ಅವು ಚೌಕದ ನಾಲ್ಕು ಮೂಲೆಗೆ ಬಿದ್ದಿದ್ದರೆ, ಅಡ್ಡವೂ ಸರಿ ಬರುತ್ತದೆ ಉದ್ದವೂ ಸರಿ ಬರುತ್ತದೆ. ನಮ್ಮಿಬ್ಬರಲ್ಲಿ ಯಾರಿಗೂ ಸಿಕ್ಕುವುದಿಲ್ಲ. ಹಾಗಾಗಿತ್ತೋ, ನಿಜವಾಗಿಯೇ ಜಗಳವಾಡಿ ಇಬ್ಬರೂ ಮರೆತೆವೋ, ಈಗ ತಿಳಿಯುವ ದಾರಿ ಇರಲಿಲ್ಲ. ಆ ಹಿಂದಿನ ದಿನದ ಮಾಲೆ ಎಂದೋ ಮಣ್ಣಾಗಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಪಕ್ಕದ ಮನೆಯವಳು ಓಡಿಬಂದಳು. ಹೆಣ್ಣುಮಗು. ತಾಯಿ ಮಗು ಚೆನ್ನಾಗಿದ್ದಾರೆ. ಮರಿಯಪ್ಪ ನನ್ನ ಕಡೆ ತಿರುಗಿ, "ಅಕ್ಕ, ಹೆಣ್ಣು ಮಗು," ಎಂದ. ನನ್ನ ಕಿವಿಗೂ ಆಗಲೇ ಬಿದ್ದಿತ್ತು. ಆದರೂ, "ಹೌದಾ!" ಎಂದೆ. "ಹೌದು," ಎಂದ.

ಬೈಲಪ್ಪ ಎದ್ದು ನಿಂತಿದ್ದರು. ಮುದ್ದಯ್ಯನ ಕಾಲು ನಡುಗುತ್ತಿತ್ತು.

"ಮೂರನೇ ಅಡ್ಡ," ಅಂದೆ.

ಮರಿಯಪ್ಪ ನನ್ನನ್ನೊಮ್ಮೆ ನೋಡಿ, ಮುದ್ದಯ್ಯನ ಕಡೆ ತಿರುಗಿದ. "ಆರನೇ ಉದ್ದ."

ಮುದ್ದಯ್ಯ ಕೂತ. ಸಾಲೆಲ್ಲ ಸರಿಯಾಯಿತು. ಸೇತುವೆಯ ಮೇಲಿದ್ದ ಸೌದೆಯವನು ಮನೆಗೆ ಹೋದ. ಊರಿನ ಸಾರಿಗೆ ಉಪ್ಪು ಬಿತ್ತು. ನಾನು ಒಂದು ದಾರಿಯಲ್ಲಿ, ಅವನು ಒಂದು ದಾರಿಯಲ್ಲಿ ನಡೆದೆವು.

ಹನ್ನೊಂದು ದಿನಕ್ಕೆ ನಾಮಕರಣವಾಯಿತು. ನಾನು ಬೀದಿಯಲ್ಲಿ ನಿಂತು ತೊಟ್ಟಿಲ ಹಾಡು ಕೇಳಿದೆ. ಮಗುವಿನ ಹೆಸರು ಕೇಳಿಸಲಿಲ್ಲ. ಮಾರನೇ ದಿನ ಎಣಿಕೆ ಮುಗಿಸಿ ನೇರ ಬೈಲಪ್ಪನವರ ಮನೆಗೆ ಹೋದೆ. ನಮ್ಮ ಸಂಗತಿಯನ್ನು ನ್ಯಾಯವಾಗಿ ಬದಲಾಯಿಸಿಕೊಡಿ ಎಂದು ಕೇಳುವವಳಿದ್ದೆ. ಅವರ ಪಡಸಾಲೆಯಲ್ಲಿ ಮರಿಯಪ್ಪ ಆಗಲೇ ಕಂಬಕ್ಕೆ ಒರಗಿ ನಿಂತಿದ್ದ. ಅಂಗಿಯ ಗುಂಡಿ ಸರಿಯಾಗಿ ಹಾಕಿಕೊಂಡಿದ್ದ.

"ಇವನೂ ಅದಕ್ಕೇ ಬಂದವ್ನೆ," ಎಂದರು ಬೈಲಪ್ಪ. "ಬದಲಾಯಿಸಬೋದು. ಆದ್ರೆ ಮುದ್ದಯ್ಯ ಒಬ್ಬನ್ನೇ ನಿಲ್ಲಿಸಿದ್ರೆ ಸಾಲು ಬೆಸ ಆಗ್ತವೆ. ಇನ್ನೂ ಮೂರು ಕಲ್ಲು ಬದಲಾಗ್ಬೇಕು, ಚೌಕದ ಮೂಲೆಗೆ ಸರಿಯಾಗಿ. ನಿನ್ನ ಗಂಡ ತೀರಿಹೋದಾಗ ಆಗಿದ್ದು ನೆನಪಿಲ್ವಾ? ಅವನ ಕಲ್ಲಿನ ಜೊತೆಗೆ ಊರಿನ ಇನ್ನೂ ಮೂರು ಸಂಗತಿ ಬದಲಾಯಿಸ್ಬೇಕಾಯ್ತು." ನೆನಪಿತ್ತು. ನನ್ನ ಗಂಡನ ಸಲುವಾಗಿ ಕುಂಬಾರಬೀದಿಯ ಮಾವಿನ ಮರ ಹುಳಿ ಹಣ್ಣು ಬಿಡುವುದನ್ನು ನಿಲ್ಲಿಸಬೇಕಾಗಿತ್ತು.

ಅವರು ನೆಲದ ಮೇಲೆ ಸುಣ್ಣದಕಡ್ಡಿಯಿಂದ ಚೌಕ ಬರೆದರು. ಯಾವ ಚೌಕ ಹಿಡಿದರೂ ಯಾರಿಗಾದರೂ ತೊಂದರೆ. ಒಂದರಲ್ಲಿ ಬಾವಿ ಬತ್ತುತ್ತಿತ್ತು, ಇನ್ನೊಂದರಲ್ಲಿ ಯಾರದೋ ಮದುವೆ ಮುರಿಯುತ್ತಿತ್ತು. ನಾವಿಬ್ಬರೂ ಮಾತಾಡುವಂತಿರಲಿಲ್ಲವಾದ್ದರಿಂದ ತಲೆಯಾಡಿಸಿ ತಲೆಯಾಡಿಸಿ ಬೇಡವೆಂದೆವು. ಕೊನೆಗೆ ಉಳಿದದ್ದು ಒಂದು. ಅದನ್ನು ಹಿಡಿದರೆ ಊರಿನ ಮೂಡಲಿಗಿರುವ ಬೆಟ್ಟ ಇಲ್ಲವಾಗಬೇಕು, ಗಿರಣಿಯ ಗೋವಿಂದಯ್ಯನಿಗೆ ಹಾಡಲು ಬರಬೇಕು, ಮತ್ತು ಕೆರೆಯಲ್ಲಿ ಒಂದು ಮೊಸಳೆ ಇರಬೇಕು.

ಬೈಲಪ್ಪ ಸಂಬಂಧಪಟ್ಟವರನ್ನು ಕರೆಸಿದರು. ಬೆಟ್ಟದಲ್ಲಿ ಆಡು ಮೇಯಿಸುವವಳು, "ಆಡುಗಳಿಗೆ ನಾನು ಹೇಳಲ್ಲ ಬಿಡಿ," ಎಂದಳು. ಗಿರಣಿಯ ಗೋವಿಂದಯ್ಯ ಕಣ್ಣೀರಿಟ್ಟು, ತನಗೆ ಇದು ಬಹಳ ಹಿಂದೆಯೇ ಗೊತ್ತಿತ್ತೆಂದ. ಕೆರೆಯ ವಿಷಯಕ್ಕೆ ಯಾರನ್ನು ಕೇಳುವುದೆಂದು ಯೋಚಿಸುತ್ತಿರುವಾಗ ಬಾಣಂತಿ ಸಾಕಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು, ಮಗುವನ್ನೆತ್ತಿಕೊಂಡು, ಬೋರಮ್ಮ ಬೈಯುತ್ತಾ ಹಿಂದೆ ಬರುತ್ತಿದ್ದರೂ ಕೇಳದೆ ಬಂದಳು.

"ಮೊಸಳೆ ಇದ್ರೆ ಇರ್ಲಿ ಬಿಡಿ ಯಜಮಾನ್ರೇ," ಅಂದಳು. "ಕೆರೇಲಿ ಬಟ್ಟೆ ಒಗೆಯೋಳು ನಾನು. ನೋಡ್ಕೊಂಡು ಒಗೀತೀನಿ."

ಹಾಗೆ ಆಯಿತು. ಮಾರನೇ ಬೆಳಿಗ್ಗೆ ಮುದ್ದಯ್ಯ ಗೊಣಗುತ್ತಾ ಎದ್ದು ನಿಂತ.

ಈಗ ಊರಿನಲ್ಲಿ ಬೆಳಗಾಗುತ್ತಲೇ ಗೋವಿಂದಯ್ಯ ಗಿರಣಿಯ ಶಬ್ದದ ಮೇಲೆ ಹಾಡುತ್ತಾನೆ. ಜನ ಚೆನ್ನಾಗಿದೆ ಎನ್ನುತ್ತಾರೆ, ಏಕೆಂದರೆ ಚೆನ್ನಾಗಿದೆ. ಆಡುಗಳು ಇಲ್ಲದ ಬೆಟ್ಟ ಹತ್ತಿ ಹೊಟ್ಟೆ ತುಂಬ ಮೇದು ಇಳಿಯುತ್ತವೆ. ಮರಿಯಪ್ಪನೂ ನಾನೂ ಎಣಿಸುವಾಗ ಹಾದುಹೋಗುವ ಜಾಗದಲ್ಲಿ ದಿನಾ ಜಗಳವಾಡುತ್ತೇವೆ. ನಿನ್ನೆ ನನ್ನ ತೊಕ್ಕಿಗೆ ಬೆಲ್ಲ ಹೆಚ್ಚಾಯಿತೆಂದ, ನಾನು ಅವನ ನಾಲಿಗೆಗೆ ಬೆಂಕಿ ಬೀಳಲೆಂದೆ, ಬೈಲಪ್ಪ ಇಬ್ಬರಿಗೂ ಗದರಿದರು. ಸಂಜೆ ಅವನ ಮೊಮ್ಮಗಳನ್ನು ಕೆರೆಗೆ ಕರೆದುಕೊಂಡು ಹೋಗುತ್ತೇವೆ. ಅವಳಿಗೆ ಈಗ ಎರಡು ವರ್ಷ, ಕಾಲು ನೀರಿಗೆ ಇಳಿಬಿಟ್ಟು ಕೂರುವುದೆಂದರೆ ಪ್ರಾಣ. ಮೊಸಳೆಯನ್ನು ಇದುವರೆಗೆ ಯಾರೂ ಕಂಡಿಲ್ಲ. ಆದರೂ ನಮ್ಮಿಬ್ಬರಲ್ಲಿ ಒಬ್ಬರು ಮಗುವಿನ ಕಾಲು ತೊಳೆಯುವಾಗ ಇನ್ನೊಬ್ಬರು ಮೇಲಿನ ಮೆಟ್ಟಿಲ ಮೇಲೆ ನಿಂತು, ಕಣ್ಣು ಮಿಟುಕಿಸದೆ ನೀರನ್ನೇ ನೋಡುತ್ತಿರುತ್ತೇವೆ.